ಡಂಡಿಯ ಕ್ಯಾಪ್ಟನ್ ನಿಜಕ್ಕೂ ಎಲ್ಲಿಯವನು?

ಪ್ರಶ್ನೆ: ನಾನು ಸಾಗರದವಳು, ನಿವೃತ್ತ ಶಿಕ್ಷಕಿ. ಮಗ ಮೆಲ್ಬರ್ನ್‌ನಲ್ಲಿದ್ದಾನೆ, ಸೊಸೆ ಅಲ್ಲಿಯವಳೇ. ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದಾರೆ. ನಮ್ಮ ಕಡೆಯದು ಹೇಗೋ ಆಯಿತು. ಸೊಸೆಯ ಮುತ್ತಜ್ಜನ ಅಜ್ಜ ಸ್ಕಾಟ್ಲೆಂಡಿನ ಡಂಡಿಯವನಂತೆ, ಈಸ್ಟ್ ಇಂಡಿಯಾ ಕಂಪನಿಯ ಹಡಗಿಗೆ ಕ್ಯಾಪ್ಟನ್ ಆಗಿದ್ದನಂತೆ, ಇಂಡಿಯಾಕ್ಕೂ ಬಂದಿದ್ದನಂತೆ. 1858ರಲ್ಲಿ ಮೆಲ್ಬರ್ನ್‌ನಲ್ಲಿ ಮದುವೆ, 1889ರಲ್ಲಿ ಅಲ್ಲಿಯ ಬಂದರು ವಿಲಿಯಮ್ಸ್‌ಟೌನ್‌ನಲ್ಲಿ 62ನೇ ವಯಸ್ಸಿಗೆ ಸಾವು, ಐದು ಮಕ್ಕಳ ಹೆಸರು. ಇಷ್ಟೇ ಗೊತ್ತಿರುವುದು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಡಂಡಿಯಲ್ಲಿ ಅದೇ ಹೆಸರಿನ ಹದಿನಾಲ್ಕು ಜನ ಸಿಕ್ಕಿದರು. ಇವರಲ್ಲಿ ನಮ್ಮವನು ಯಾರೆಂದು ಪತ್ತೆ ಮಾಡುವುದು ಹೇಗೆ? ಡಿಎನ್‌ಎ ಪರೀಕ್ಷೆ ಮಾಡಿಸಲೇ? ಅವನು ನಮ್ಮ ಕರಾವಳಿಗೇ ಬಂದಿದ್ದನೇ?

ಉತ್ತರ: ಆ ಹದಿನಾಲ್ಕು ಜನರನ್ನೂ ಸದ್ಯಕ್ಕೆ ಬದಿಗಿಡಿ. ನೀವು ಬರೆದ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಆದರೆ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಅದು ನಮ್ಮ ಕಡೆಯ ಮಂಜುನಾಥನ ಹಾಗೆ, ಬೀದಿಗೊಬ್ಬ ಸಿಗುತ್ತಾನೆ. ಹೆಸರು ಹಿಡಿದು ಹೊರಟರೆ ಹದಿನಾಲ್ಕು ಇಪ್ಪತ್ತೆಂಟಾದೀತೇ ಹೊರತು ಒಂದಾಗುವುದಿಲ್ಲ. ನಾನೂ ಹಿಂದೊಮ್ಮೆ ಹೀಗೆಯೇ ಮೂರು ತಿಂಗಳು ಬೇರೆ ಯಾರದೋ ಅಜ್ಜನ ಹಿಂದೆ ಅಲೆದಿದ್ದೇನೆ. ಆ ಹುಡುಗ ಹತ್ತು ತುಂಬುವ ಮೊದಲೇ ತೀರಿಕೊಂಡಿದ್ದನೆಂದು ಕೊನೆಗೆ ಗೊತ್ತಾಯಿತು. ಅಷ್ಟರಲ್ಲಿ ನಾನು ಅವನಿಗೆ ಮದುವೆ ಮಾಡಿಸಿ ಮಕ್ಕಳನ್ನೂ ಕೊಟ್ಟಾಗಿತ್ತು.

ಮೊದಲು ಮನೆಯ ಮಾತನ್ನೇ ಸ್ವಲ್ಪ ಲೆಕ್ಕ ಹಾಕಿ ನೋಡೋಣ. 1889ರಲ್ಲಿ 62 ಎಂದರೆ ಹುಟ್ಟಿದ್ದು 1827ರ ಆಸುಪಾಸು. ಭಾರತದ ವ್ಯಾಪಾರದ ಮೇಲೆ ಕಂಪನಿಗಿದ್ದ ಏಕಸ್ವಾಮ್ಯ 1813ರಲ್ಲೇ ಹೋಯಿತು, ಚೀನಾದ್ದು 1833ರಲ್ಲಿ. ಮರುವರ್ಷ ಕಂಪನಿ ತನ್ನ ವ್ಯಾಪಾರಿ ಹಡಗುಗಳ ವ್ಯವಸ್ಥೆಯನ್ನೇ ಮುಚ್ಚಿತು. ಆಗ ನಿಮ್ಮ ಕ್ಯಾಪ್ಟನ್ನನಿಗೆ ಏಳು ವರ್ಷ. ಮುಂಬಯಿಯಲ್ಲಿ ಕಂಪನಿಯ ಶಸ್ತ್ರಸಜ್ಜಿತ ನೌಕಾಪಡೆ ಇನ್ನೂ ಕೆಲವು ದಶಕ ಇತ್ತು ನಿಜ, 1830ರಿಂದ ಅದಕ್ಕೆ ಇಂಡಿಯನ್ ನೇವಿ ಎಂದೇ ಹೆಸರು, 1863ರಲ್ಲಿ ಬರಖಾಸ್ತಾಯಿತು. ಆದರೆ ಅದರ ಅಧಿಕಾರಿಯಾಗಿದ್ದವನನ್ನು ಮನೆಯವರು ಬರಿಯ 'ಹಡಗಿನ ಕ್ಯಾಪ್ಟನ್' ಎಂದು ನೆನಪಿಟ್ಟುಕೊಳ್ಳುವುದು ಕಡಿಮೆ. ಇಂಥ ಕತೆಗಳಲ್ಲಿ ಊರು ಸಾಮಾನ್ಯವಾಗಿ ನಿಜವಿರುತ್ತದೆ, ಹುದ್ದೆ ಊದಿಕೊಂಡಿರುತ್ತದೆ. ಇಂಡಿಯಾಕ್ಕೆ ಬಂದಿರಬಹುದು, ಕಂಪನಿಯ ಕ್ಯಾಪ್ಟನ್ ಆಗಿರಲಾರ.

ಹುಡುಕಾಟ ಶುರುವಾಗಬೇಕಾದ್ದು ಡಂಡಿಯಿಂದಲ್ಲ, ವಿಲಿಯಮ್ಸ್‌ಟೌನ್‌ನಿಂದ. ಈ ವಿಷಯದಲ್ಲಿ ನಿಮ್ಮ ಸೊಸೆ ಅದೃಷ್ಟವಂತೆ. ಮೆಲ್ಬರ್ನ್ ಸೇರಿದ್ದ ವಿಕ್ಟೋರಿಯ ವಸಾಹತಿನಲ್ಲಿ ಸರ್ಕಾರಿ ಜನನ ಮರಣ ನೋಂದಣಿ 1853ರ ಜುಲೈಯಲ್ಲಿ ಆರಂಭವಾಯಿತು. ಆಗಿನ ಇಂಗ್ಲೆಂಡಿನ ಮರಣ ದಾಖಲೆಯಲ್ಲಿ ಸತ್ತವನ ತಂದೆತಾಯಿಯ ಹೆಸರಿಗೆ ಜಾಗವೇ ಇರಲಿಲ್ಲ. ವಿಕ್ಟೋರಿಯದ ಮರಣ ದಾಖಲೆಯಲ್ಲಿ ತಂದೆ, ತಾಯಿ, ತಾಯಿಯ ತವರಿನ ಮನೆತನದ ಹೆಸರು, ಹುಟ್ಟಿದ ಊರು, ವಸಾಹತಿಗೆ ಬಂದು ಎಷ್ಟು ವರ್ಷ, ಮದುವೆ ಎಲ್ಲಿ, ಮಕ್ಕಳು ಯಾರು ಯಾರು ಎಂದೆಲ್ಲ ಕೇಳುತ್ತಿದ್ದರು. ಆದರೂ ಅದಕ್ಕಿಂತ ಮೊದಲು ನೀವು ತರಿಸಬೇಕಾದ್ದು 1858ರ ಮದುವೆ ದಾಖಲೆ. ಮರಣ ದಾಖಲೆಗೆ ಮಾಹಿತಿ ಕೊಡುವವನು ಅಳಿಯನೋ ಪಕ್ಕದ ಮನೆಯವನೋ ಆಗಿರುತ್ತಾನೆ. ಸ್ಕಾಟ್ಲೆಂಡ್ ಯಾವ ದಿಕ್ಕಿಗಿದೆ ಎಂದೂ ತಿಳಿಯದವನು, ಮಾವನ ಅಮ್ಮನ ಹೆಸರು ಕೇಳಿದರೆ ಬಾಯಿಗೆ ಬಂದದ್ದು ಹೇಳುತ್ತಾನೆ. ಮದುವೆಯಲ್ಲಿ ಮಾತಾಡಿದವನು ವರನೇ. ತನ್ನ ಅಪ್ಪ ಅಮ್ಮನ ಹೆಸರು, ಅಪ್ಪನ ಕಸುಬು, ಹುಟ್ಟೂರು ಎಲ್ಲ ಅವನ ಬಾಯಿಂದಲೇ ಬಂದಿರುತ್ತವೆ. ಎರಡೂ ದಾಖಲೆ ಪಕ್ಕಪಕ್ಕ ಇಟ್ಟು, ಎಲ್ಲಿ ಹೊಂದುವುದಿಲ್ಲವೋ ಅಲ್ಲಿ 1858ರ ಮಾತನ್ನು ನಂಬಿ.

ಹುಟ್ಟೂರಿನ ಜಾಗದಲ್ಲಿ ಡಂಡಿ ಎಂದಿಲ್ಲದಿದ್ದರೆ ಗಾಬರಿಯಾಗಬೇಡಿ. ಹೊನ್ನಾವರದ ಕಡೆಯ ಹಳ್ಳಿಯವನು ದೆಹಲಿಯಲ್ಲಿ ಯಾರಾದರೂ ಕೇಳಿದರೆ ಮಂಗಳೂರು ಎಂದುಬಿಡುವುದಿಲ್ಲವೇ? ಟೇ ನದಿಯ ಆಚೆ ದಡದ ಫೈಫ್ ಪ್ರಾಂತದವನೂ, ಆರ್ಬ್ರೋತ್, ಮಾಂಟ್ರೋಸ್ ಕಡೆಯವನೂ ಮೆಲ್ಬರ್ನ್‌ನಲ್ಲಿ ಡಂಡಿಯವನೇ ಆಗುತ್ತಾನೆ.

ಈಗ ಆ 'ಕ್ಯಾಪ್ಟನ್' ಎಂಬ ಪದ. ನಮ್ಮ ಕರಾವಳಿಯಲ್ಲಿ ದೋಣಿ ನಡೆಸಿದವನು ತಾಂಡೇಲ ಎನಿಸಿಕೊಂಡರೆ ಕಾಲವಾದ ಮೇಲೂ ತಾಂಡೇಲನೇ. ವಿಲಿಯಮ್ಸ್‌ಟೌನ್‌ನಂಥ ಬಂದರಿನಲ್ಲೂ ಅದೇ ಕತೆ, ಸ್ಕೂನರ್ ಎಂಬ ಸಣ್ಣ ಹಾಯಿಹಡಗು ನಡೆಸಿದವನೂ ಕ್ಯಾಪ್ಟನ್, ಬಂದರಿನೊಳಗೆ ಹಡಗುಗಳಿಗೆ ದಾರಿ ತೋರುವ ಪೈಲಟ್ ಆಗಿದ್ದವನೂ ಕ್ಯಾಪ್ಟನ್. ಆದರೆ ಬ್ರಿಟನ್ನಿನಲ್ಲಿ ದೂರದೇಶಕ್ಕೆ ಹೋಗುವ ಹಡಗಿನ ಮಾಸ್ಟರ್ (ಕ್ಯಾಪ್ಟನ್ನನ ಅಧಿಕೃತ ಹೆಸರು) ಮತ್ತು ಅವನ ಕೈಕೆಳಗಿನ ಅಧಿಕಾರಿಗಳಾದ ಮೇಟ್‌ಗಳಿಗೆ ಪರೀಕ್ಷೆ 1845ರಲ್ಲಿ ಐಚ್ಛಿಕವಾಗಿ ಶುರುವಾಗಿ, 1850ರ ಕಾಯಿದೆಯಿಂದ ಕಡ್ಡಾಯವಾಯಿತು. ಆಗ ಇವನಿಗೆ 23. ಹಾಗಾಗಿ ನಿಜವಾಗಿ ಮಾಸ್ಟರ್ ಆಗಿದ್ದರೆ ಇವನ ಹೆಸರಿನಲ್ಲೊಂದು ಸರ್ಟಿಫಿಕೇಟು ಇರಲೇಬೇಕು. ಅದಕ್ಕೆ ಹಾಕಿದ ಅರ್ಜಿಗಳ ದೊಡ್ಡ ಸಂಗ್ರಹ ಲಂಡನ್ನಿನ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಮ್ಮಿನಲ್ಲಿದೆ, ಆನ್‌ಲೈನಿನಲ್ಲೂ ನೋಡಬಹುದು. ಅರ್ಜಿಯಲ್ಲಿ ಹುಟ್ಟಿದ ಊರು, ವರ್ಷ, ಆಗಿನ ವಿಳಾಸ, ಅದುವರೆಗೆ ಕೆಲಸ ಮಾಡಿದ ಹಡಗುಗಳ ಪಟ್ಟಿ ಇರುತ್ತದೆ. ಒಂದೇ ಹಾಳೆಯಲ್ಲಿ ಅರ್ಧ ಜೀವನ! 1869ರ ಕಾಯಿದೆಯ ನಂತರ ವಸಾಹತುಗಳೂ ತಮ್ಮದೇ ಸರ್ಟಿಫಿಕೇಟು ಕೊಡತೊಡಗಿದವು. ಆದ್ದರಿಂದ ಲಂಡನ್ನಿನ ಸಂಗ್ರಹದಲ್ಲಿ ಸಿಗದಿದ್ದರೆ ಮೆಲ್ಬರ್ನ್‌ನ ಕಡತವನ್ನೂ ನೋಡಬೇಕು. ಮಾಸ್ಟರ್ ಆದವರ ಮುಂದಿನ ವೃತ್ತಿಯನ್ನು ಹಡಗು ಹಡಗಾಗಿ ಬರೆದಿಟ್ಟ ಲಾಯ್ಡ್ಸ್ ಎಂಬ ಹಡಗು ವಿಮೆ ಸಂಸ್ಥೆಯ ಕ್ಯಾಪ್ಟನ್‌ಗಳ ರಿಜಿಸ್ಟರ್ 1851ರಿಂದ ಇದೆ, ಲಂಡನ್ ಆರ್ಕೈವ್ಸ್‌ನಲ್ಲಿ (2024ರವರೆಗೆ ಅದರ ಹೆಸರು ಲಂಡನ್ ಮೆಟ್ರೋಪಾಲಿಟನ್ ಆರ್ಕೈವ್ಸ್).

ಎಲ್ಲಿಯೂ ಸರ್ಟಿಫಿಕೇಟು ಸಿಗಲಿಲ್ಲ ಎಂದುಕೊಳ್ಳಿ. ಅವನು ಸಾಮಾನ್ಯ ನಾವಿಕನಾಗಿದ್ದ ಎಂದು ತಿಳಿಯಿರಿ, ಅದರಲ್ಲಿ ಅವಮಾನವೇನಿಲ್ಲ. ಒಂದು ಲೆಕ್ಕದಲ್ಲಿ ಆಗ ಕೆಲಸ ಇನ್ನೂ ಸೊಗಸು. 1844ರಿಂದ 1853ರವರೆಗೆ ಬ್ರಿಟನ್ ತನ್ನ ಪ್ರತಿ ವ್ಯಾಪಾರಿ ನಾವಿಕನಿಗೂ ಟಿಕೆಟ್ ಎಂಬ ಗುರುತುಚೀಟಿ ಕೊಡಲು ಹೊರಟಿತ್ತು. ನಾವಿಕರಿಗೆ ಅದು ಕಂಡರಾಗುತ್ತಿರಲಿಲ್ಲ, ಕೊನೆಗೆ ಸರ್ಕಾರವೇ ಕೈಬಿಟ್ಟಿತು. ಆದರೆ ನಮಗೆ ಅದರ ರಿಜಿಸ್ಟರ್ ಉಳಿಯಿತು, ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಹುಟ್ಟಿದ ದಿನ, ಊರು, ಮೊದಲು ಹಡಗು ಹತ್ತಿದ ವರ್ಷ, ಎತ್ತರ, ಕೂದಲಿನ ಬಣ್ಣ, ಕಣ್ಣಿನ ಬಣ್ಣ, ಮೈಮೇಲಿನ ಗಾಯದ ಗುರುತು, ಬರೆಯಲು ಬರುತ್ತಿತ್ತೋ ಇಲ್ಲವೋ ಎಂಬುದೂ ಅದರಲ್ಲಿದೆ. 17ರಿಂದ 26ರ ವಯಸ್ಸಿನಲ್ಲಿ ನಿಮ್ಮವನು ಸರಿಯಾಗಿ ಆ ಬಲೆಯೊಳಗೇ ಬೀಳುತ್ತಾನೆ. ಮೊಮ್ಮಗಳಿಗೆ ಫೋಟೋ ಇಲ್ಲದ ಅಜ್ಜನ ಮುಖಚಹರೆ ಸಿಗುವುದಾದರೆ ಇಲ್ಲಿ ಮಾತ್ರ.

ಆಮೇಲೆ ಹಡಗು. ನಾವಿಕನ ವಂಶ ಹುಡುಕುವವರು ಮನುಷ್ಯನ ಬೆನ್ನು ಬಿಟ್ಟು ಹಡಗಿನ ಬೆನ್ನು ಹತ್ತಬೇಕು. ಮನುಷ್ಯನ ಹೆಸರಿನವರು ಹದಿನಾಲ್ಕು ಜನ, ಹಡಗಿಗೆ ಮಾತ್ರ 1855ರಿಂದ ಬದಲಾಗದ ಅಧಿಕೃತ ಸಂಖ್ಯೆ ಒಂದಿದೆ. ಪ್ರತಿ ಪ್ರಯಾಣಕ್ಕೂ ಸಿಬ್ಬಂದಿಯ ಕರಾರುಪತ್ರ ಬರೆಯುತ್ತಿದ್ದರು: ಹೆಸರು, ವಯಸ್ಸು, ಹುಟ್ಟೂರು, ಇದಕ್ಕೆ ಮೊದಲು ಇದ್ದ ಹಡಗು, ಹತ್ತಿದ ದಿನ, ಇಳಿದ ದಿನ, ಸಂಬಳ. 'ಇದಕ್ಕೆ ಮೊದಲು ಇದ್ದ ಹಡಗು' ಎಂಬ ಅಂಕಣವೇ ನಿಮ್ಮ ಏಣಿ. ಒಂದು ಕರಾರುಪತ್ರ ಸಿಕ್ಕರೆ ಅದರಿಂದ ಹಿಂದಿನದು, ಅದರಿಂದ ಅದರ ಹಿಂದಿನದು ಎಂದು ಮೆಟ್ಟಿಲು ಇಳಿಯುತ್ತಾ ಅವನು ಹುಡುಗನಾಗಿ ಹತ್ತಿದ ಮೊದಲ ಹಡಗಿನವರೆಗೆ ಹೋದವರಿದ್ದಾರೆ. ಎಡವುವುದು ಇಲ್ಲೇ: ಈ ಕಾಗದಗಳೆಲ್ಲ ಒಂದೇ ಕಡೆ ಇಲ್ಲ. 1861ಕ್ಕಿಂತ ಹಿಂದಿನವು ಕ್ಯೂನಲ್ಲಿ. 1863ರಿಂದ 1938ರವರೆಗಿನವುಗಳಲ್ಲಿ ಶೇಕಡ 70ರಷ್ಟು ಅಟ್ಲಾಂಟಿಕ್ ದಾಟಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯ ಸೇರಿವೆ. 1865, 1875 ಹೀಗೆ ಐದರಲ್ಲಿ ಕೊನೆಯಾಗುವ ವರ್ಷಗಳವು ಗ್ರೀನಿಚ್‌ನಲ್ಲಿ. ಸ್ಕಾಟ್ಲೆಂಡಿನವನು ಆಸ್ಟ್ರೇಲಿಯದಲ್ಲಿ ಸತ್ತರೆ ಅವನ ಕಾಗದ ಕೆನಡಾದಲ್ಲಿ ಹುಡುಕಬೇಕು! ಸಿಡ್ನಿಗೆ ಬಂದ ಹಡಗುಗಳ ಸಿಬ್ಬಂದಿ, ಪ್ರಯಾಣಿಕರ ಪಟ್ಟಿಗಳನ್ನು 1845ರಿಂದ ನ್ಯೂ ಸೌತ್ ವೇಲ್ಸ್ ಸರ್ಕಾರ ಉಳಿಸಿಕೊಂಡಿದೆ, ಸ್ವಯಂಸೇವಕರು ಅವನ್ನು ಟೈಪ್ ಮಾಡಿ ಉಚಿತವಾಗಿ ಹಾಕಿದ್ದಾರೆ. ಮೊದಲು ಅದನ್ನು ನೋಡಿಬಿಡಿ. ಖರ್ಚಿಲ್ಲ.

ಈ ಕರಾರುಪತ್ರಗಳನ್ನು ಓದುವಾಗ ನನಗೆ ಪ್ರತಿಸಲ ಚುಚ್ಚುವ ಸಂಗತಿಯೊಂದಿದೆ. ಸ್ಕಾಟಿಷ್ ಮೇಟ್ ಒಬ್ಬನ ಹುಟ್ಟೂರು ಆರು ಕಡೆ ದಾಖಲಾಗಿರುತ್ತದೆ. ಅದೇ ಹಡಗಿನಲ್ಲಿ ದುಡಿದ ನಮ್ಮ ಕಡೆಯ ಖಲಾಸಿಗಳನ್ನು, ಅಂದರೆ ಲಾಸ್ಕರ್‌ಗಳನ್ನು, ಬೇರೆಯೇ ಕರಾರಿನಲ್ಲಿ ಸೇರಿಸಿಕೊಳ್ಳುತ್ತಿದ್ದರು. ಅವರ ಹೆಸರು ಸಿಕ್ಕರೆ ಪುಣ್ಯ, ಎಷ್ಟೋ ಸಲ ತಲೆಲೆಕ್ಕ ಮಾತ್ರ. ಆ ಖಲಾಸಿಗಳ ಮರಿಮಕ್ಕಳು ಇಂಥ ಪ್ರಶ್ನೆ ಕೇಳಿ ಬರೆದರೆ ನನ್ನ ಉತ್ತರ ಅರ್ಧ ಪುಟಕ್ಕೇ ಮುಗಿಯುತ್ತದೆ.

ಇನ್ನೊಂದು ಅನುಮಾನವನ್ನು ಮೊದಲೇ ಹೇಳಿಬಿಡುತ್ತೇನೆ. 1851ರಲ್ಲಿ ವಿಕ್ಟೋರಿಯದಲ್ಲಿ ಚಿನ್ನ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಮೆಲ್ಬರ್ನ್ ಬಂದರಿಗೆ ಬಂದ ಹಡಗುಗಳ ನಾವಿಕರು ರಾತ್ರೋರಾತ್ರಿ ಇಳಿದು ಗಣಿಗಳ ಕಡೆ ಓಡಿದರು. ಎಳೆಯಲು ಆಳಿಲ್ಲದೆ ಹಡಗುಗಳು ಸಾಲಾಗಿ ನಿಂತವು. ಕರಾರು ಮುರಿದು ಓಡುವುದು ಅಪರಾಧ, ಓಡಿಹೋದವರ ಹೆಸರು ಚಹರೆಗಳು ವಿಕ್ಟೋರಿಯ ಪೊಲೀಸ್ ಗೆಜೆಟ್‌ನಲ್ಲಿ ಬರುತ್ತಿದ್ದವು. ಅಂಥವರಲ್ಲಿ ಕೆಲವರು ಹೆಸರನ್ನೇ ಬದಲಿಸಿಕೊಂಡರು. ನಾವಿಕರಿಗೆ ಇದೇನೂ ಹೊಸದಲ್ಲ. ಅಮೆರಿಕದ ನೌಕಾಪಡೆಯ ವೀರನೆಂದು ಹೆಸರಾದ ಜಾನ್ ಪಾಲ್ ಜೋನ್ಸ್ 1747ರಲ್ಲಿ ಸ್ಕಾಟ್ಲೆಂಡಿನ ಕರ್ಕ್‌ಬೀನ್‌ನಲ್ಲಿ ಹುಟ್ಟಿದಾಗ ಬರಿಯ ಜಾನ್ ಪಾಲ್. ಹಡಗಿನಲ್ಲಿ ಒಬ್ಬನನ್ನು ಕೊಂದ ಪ್ರಕರಣದ ನಂತರ 'ಜೋನ್ಸ್' ಸೇರಿಕೊಂಡಿತು. ನಿಮ್ಮವನು 1858ಕ್ಕೆ ಮೊದಲು ಯಾವ ಪಟ್ಟಿಯಲ್ಲೂ ಕಾಣದಿದ್ದರೆ, ಸರಿಯಾದ ಹೆಸರಿನಿಂದಲೇ ಹುಡುಕುತ್ತಿದ್ದೇವೆಯೇ ಎಂದು ಒಮ್ಮೆ ಯೋಚಿಸಿ.

ಹಡಗಿನ ಹೆಸರು ಸಿಕ್ಕಿದ ಮೇಲೆ ಟ್ರೋವ್ ಇದೆ. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನೆಲ್ಲ ಅದರಲ್ಲಿ ಉಚಿತವಾಗಿ ತೆರೆದಿಟ್ಟಿದೆ, ಸಾಗರದಲ್ಲಿ ಕೂತೇ ಓದಬಹುದು. ಪ್ರತಿದಿನದ ಪತ್ರಿಕೆಯಲ್ಲೂ ಬಂದರಿನ ವರ್ತಮಾನವಿರುತ್ತಿತ್ತು: ಯಾವ ಹಡಗು, ಎಷ್ಟು ಟನ್, ಮಾಸ್ಟರ್ ಯಾರು, ಎಲ್ಲಿಂದ, ಏನು ಸರಕು. ಇಂಡಿಯಾದ ಕತೆ ನಿಜವೋ ಎಂಬುದು ಇಲ್ಲೇ ತೀರ್ಮಾನವಾಗುವ ಸಂಭವ ಹೆಚ್ಚು. ಆ ಕಾಲದಲ್ಲಿ ಆಸ್ಟ್ರೇಲಿಯದಿಂದ ಮದ್ರಾಸು, ಕಲ್ಕತ್ತೆಗೆ ಸೈನ್ಯದ ಕುದುರೆಗಳು ಹಡಗು ಹಡಗಾಗಿ ಹೋಗುತ್ತಿದ್ದವು, ನ್ಯೂ ಸೌತ್ ವೇಲ್ಸ್‌ನಿಂದ ಬಂದವೆಂದು ಅವಕ್ಕೆ ವೇಲರ್ ಎಂದೇ ಹೆಸರು. ಡಂಡಿಯ ಗಿರಣಿಗಳಿಗೆ ಬಂಗಾಳದ ಸೆಣಬು ಹೋಗುತ್ತಿತ್ತು. ಎರಡೂ ದಾರಿಗಳಿಗೆ ನಿಮ್ಮವನು ಹೊಂದುತ್ತಾನೆ. ಆದರೆ ಸರಕಿನ ಅಂಕಣ ಓದುವಾಗ ಮನಸ್ಸು ಗಟ್ಟಿ ಮಾಡಿಕೊಳ್ಳಿ. 1863ರಿಂದ 1904ರವರೆಗೆ ಪೆಸಿಫಿಕ್ ದ್ವೀಪಗಳಿಂದ ಸುಮಾರು 62,000 ಜನರನ್ನು ಕ್ವೀನ್ಸ್‌ಲೆಂಡಿನ ಕಬ್ಬಿನ ಗದ್ದೆಗಳಿಗೆ ತಂದರು, ಎಷ್ಟೋ ಜನರನ್ನು ಮೋಸದಿಂದ, ಬಲವಂತದಿಂದ. ಆ ಸ್ಕೂನರ್‌ಗಳಿಗೂ ಮಾಸ್ಟರ್‌ಗಳಿದ್ದರು, ಅವರಿಗೂ ಇಂದು ಮೊಮ್ಮಕ್ಕಳಿದ್ದಾರೆ. ನಿಮ್ಮವನು ಹಾಗೆಂದು ನಾನು ಹೇಳುತ್ತಿಲ್ಲ. ಸಿಕ್ಕರೆ ಮುಚ್ಚಿಡಬೇಡಿ ಎಂದಷ್ಟೇ.

ಇಷ್ಟಾದ ಮೇಲೆ ಸ್ಕಾಟ್ಲೆಂಡಿಗೆ ಹೋಗೋಣ. ಅಲ್ಲಿ ನಿಮ್ಮನ್ನು ಕೈಹಿಡಿದು ನಡೆಸುವವರು ಹೆಂಗಸರು. ಸ್ಕಾಟಿಷ್ ದಾಖಲೆಗಳಲ್ಲಿ ಮದುವೆಯಾದ ಹೆಣ್ಣು ತವರಿನ ಹೆಸರನ್ನು ಕಳೆದುಕೊಳ್ಳುವುದಿಲ್ಲ. ದಾಖಲೆಯಲ್ಲಿ, ಎಷ್ಟೋ ಸಲ ಗೋರಿಕಲ್ಲಿನಲ್ಲೂ ಅದೇ ಹೆಸರು ಇರುತ್ತದೆ. ಹಾಗಾಗಿ ಅಪ್ಪನ ಹೆಸರಿನವರು ಹದಿನಾಲ್ಕಿದ್ದರೂ ಅಪ್ಪ ಅಮ್ಮ ಇಬ್ಬರ ಹೆಸರೂ ಹೊಂದುವ ಮನೆ ಒಂದೋ ಎರಡೋ ಸಿಕ್ಕೀತು. ನೀವು ಕಳಿಸಿದ ಐದು ಮಕ್ಕಳ ಹೆಸರನ್ನೂ ಇನ್ನೊಮ್ಮೆ ನೋಡಿ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುವ ಹಾಗೆ ಅಲ್ಲಿಯೂ ಒಂದು ಪದ್ಧತಿಯಿತ್ತು: ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು, ಹಿರಿಮಗಳಿಗೆ ಅಮ್ಮನ ಅಮ್ಮನದು, ಎರಡನೆಯವಳಿಗೆ ಅಪ್ಪನ ಅಮ್ಮನದು. ಎಲ್ಲರೂ ಪಾಲಿಸುತ್ತಿರಲಿಲ್ಲ, ಆದರೆ ಸುಳಿವಾಗಿ ಒಳ್ಳೆಯದು. ನಿಮ್ಮ ಪಟ್ಟಿಯಲ್ಲಿ ಎರಡನೆಯ ಮಗಳ ಹೆಸರಿನ ಮಧ್ಯೆ ಒಂದು ಮನೆತನದ ಹೆಸರು ಕೂತಿದೆ. ಅದು ಹಡಗಿನವನ ತಾಯಿಯ ತವರಿನ ಹೆಸರು ಎಂದು ನನ್ನ ಊಹೆ.

ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಆರಂಭವಾದದ್ದು 1855ರ ಜನವರಿ 1ರಂದು. 1827ರ ಮಗುವಿಗೆ ಚರ್ಚಿನ ಹಳೆಯ ಪ್ಯಾರಿಷ್ ರಿಜಿಸ್ಟರೇ ಗತಿ (ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಯ ಊರು). ಎಲ್ಲವೂ 'ಸ್ಕಾಟ್ಲೆಂಡ್ಸ್ ಪೀಪಲ್' ಎಂಬ ಸರ್ಕಾರಿ ಜಾಲತಾಣದಲ್ಲಿವೆ. ಆದರೆ ಅಲ್ಲಿ ಇಲ್ಲವೆಂದರೆ ಮಗು ಹುಟ್ಟೇ ಇಲ್ಲವೆಂದಲ್ಲ. ಬರೆಸುವುದು ಕಡ್ಡಾಯವಿರಲಿಲ್ಲ. ಚರ್ಚಿನಿಂದ ಸಿಡಿದು ಬೇರೆ ಪಂಗಡ ಕಟ್ಟಿಕೊಂಡವರ ಮಕ್ಕಳು ಈ ರಿಜಿಸ್ಟರಿನಲ್ಲಿ ಎಷ್ಟೋ ಸಲ ಇರುವುದಿಲ್ಲ.

ಅದಕ್ಕೇ ನಾನು ಅಡ್ಡದಾರಿ ಹಿಡಿಯುತ್ತೇನೆ. ಅವನು ಹುಟ್ಟಿದ್ದನ್ನು ಹುಡುಕುವ ಬದಲು ಅವನ ಅಪ್ಪ ಅಮ್ಮ ಸತ್ತದ್ದನ್ನು ಹುಡುಕಿ. 1855ರ ನಂತರ ಸತ್ತಿದ್ದರೆ ಅವರ ಮರಣ ದಾಖಲೆಯಲ್ಲಿ ಅವರ ಅಪ್ಪ ಅಮ್ಮನ ಹೆಸರೂ ಇರುತ್ತದೆ, ಒಂದೇ ಏಟಿಗೆ ಇನ್ನೊಂದು ತಲೆಮಾರು ಹಿಂದಕ್ಕೆ ಹೋಗುತ್ತೀರಿ. 1851ರ ಜನಗಣತಿಯಲ್ಲಿ ಪ್ರತಿಯೊಬ್ಬರೂ ಹುಟ್ಟಿದ ಪ್ಯಾರಿಷ್ ಬರೆದಿದ್ದಾರೆ. 1841ರದ್ದನ್ನು ನಂಬಿ ವಯಸ್ಸು ಲೆಕ್ಕ ಹಾಕಬೇಡಿ, 15 ದಾಟಿದವರ ವಯಸ್ಸನ್ನು ಐದರ ಮಟ್ಟಕ್ಕೆ ಇಳಿಸಿ ಬರೆಯಲು ಹೇಳಿದ್ದರು. ಗಂಡಸರು ಸಮುದ್ರದ ಮೇಲಿದ್ದರೆ ಮನೆಯ ಯಜಮಾನಿಯ ಕಸುಬಿನ ಜಾಗದಲ್ಲಿ 'ನಾವಿಕನ ಹೆಂಡತಿ' ಎಂದಷ್ಟೇ ಇರುತ್ತದೆ. ಈಶಾನ್ಯ ಕರಾವಳಿಯ ಮೀನುಗಾರರ ಊರುಗಳಲ್ಲಿ ಇಡೀ ಕೇರಿಗೆ ಎರಡು ಮೂರೇ ಮನೆತನದ ಹೆಸರು. ಹಾಗಾಗಿ ಅಡ್ಡಹೆಸರು ಇಟ್ಟುಕೊಂಡು, ಅದನ್ನೇ ಸರ್ಕಾರಿ ಕಾಗದದಲ್ಲೂ ಬರೆಸುತ್ತಿದ್ದರು.

ಇನ್ನು ನನಗೆ ತುಂಬ ಇಷ್ಟವಾದದ್ದು ಕರ್ಕ್ ಸೆಷನ್ನಿನ ಪುಸ್ತಕಗಳು. ಪ್ರತಿ ಪ್ಯಾರಿಷ್‌ನಲ್ಲಿ ಪಾದ್ರಿ ಮತ್ತು ಊರ ಹಿರಿಯರು ಸೇರಿದ ಒಂದು ನ್ಯಾಯಪಂಚಾಯಿತಿ. ಕುಡಿದು ಜಗಳವಾಡಿದ್ದು, ಮದುವೆಗೆ ಮುಂಚೆ ಬಸುರಾದದ್ದು, ಚರ್ಚಿಗೆ ಬರದೇ ಇದ್ದದ್ದು, ಎಲ್ಲಕ್ಕೂ ಅಲ್ಲಿ ವಿಚಾರಣೆ. ರಾಬಿನ್ಸನ್ ಕ್ರೂಸೋ ಕತೆಗೆ ಪ್ರೇರಣೆಯಾದನೆಂದು ಹೇಳುವ ಅಲೆಕ್ಸಾಂಡರ್ ಸೆಲ್ಕರ್ಕ್ ಫೈಫ್‌ನ ಲಾರ್ಗೋ ಊರಿನವನು. ಚರ್ಚಿನಲ್ಲಿ ಅಸಭ್ಯವಾಗಿ ನಡೆದುಕೊಂಡನೆಂದು 1695ರಲ್ಲಿ ಸೆಷನ್ ಅವನನ್ನು ಕರೆಸಿತು. ಆಸಾಮಿ ಹಾಜರಾಗಲಿಲ್ಲ, ಸಮುದ್ರಕ್ಕೆ ಹೋಗಿದ್ದಾನೆ ಎಂದು ಬರೆದುಕೊಂಡು ಪ್ರಕರಣವನ್ನು ಅವನು ವಾಪಸ್ಸಾಗುವವರೆಗೆ ಮುಂದೂಡಿದರು. ಬಂದ ಮೇಲೆ 1701ರಲ್ಲಿ ಇನ್ನೊಂದು ರಂಪ. ಡಬ್ಬಿಯಲ್ಲಿದ್ದ ಉಪ್ಪುನೀರನ್ನು ತಿಳಿಯದೆ ಕುಡಿದುಬಿಟ್ಟ, ಸೋದರ ಆಂಡ್ರೂ ನಕ್ಕ, ಇವನು ಅವನಿಗೆ ಹೊಡೆದ. ಬಿಡಿಸಲು ಬಂದವರಿಗೂ ಬಿತ್ತು. ಆ ಒಂದು ಜಗಳದ ವಿಚಾರಣೆಯಲ್ಲಿ ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಅಣ್ಣನ ಹೆಂಡತಿ ಎಲ್ಲರೂ ಬಂದುಹೋಗುತ್ತಾರೆ. ಯಾವ ಬ್ಯಾಪ್ಟಿಸಮ್ ರಿಜಿಸ್ಟರು ಇಷ್ಟು ಕೊಡುತ್ತದೆ ಹೇಳಿ? ಅಲ್ಲಿ ಮನೆತನದ ಹೆಸರು ಸೆಲ್ಕರ್ಕ್ ಅಲ್ಲ, ಸೆಲ್‌ಕ್ರೇಗ್ ಎಂದಿದೆ. ಕಾಗುಣಿತ ಹಿಡಿದು ಕೂತವನಿಗೆ ಅವನು ಸಿಗುತ್ತಲೇ ಇರಲಿಲ್ಲ. ಅವನು ಸತ್ತ ಮೇಲೆ ಇಬ್ಬರು ಹೆಂಗಸರು ತಾವೇ ಹೆಂಡತಿಯೆಂದು ಆಸ್ತಿಗೆ ಬಂದರು ಎಂಬುದನ್ನೂ ನೆನಪಿಡಿ. ನಾವಿಕರ ವಂಶವೃಕ್ಷದಲ್ಲಿ ಒಂದು ಕೊಂಬೆ ಹೆಚ್ಚಿಗೆ ಬಿಟ್ಟಿರುವುದು ಅಪರೂಪವಲ್ಲ. ಈ ಸೆಷನ್ ಪುಸ್ತಕಗಳ ಚಿತ್ರಗಳೂ ಈಗ ಅದೇ ಸರ್ಕಾರಿ ಜಾಲತಾಣದಲ್ಲಿವೆ. ಅಕ್ಷರ ಓದಲು ಕಣ್ಣಿಗೆ ಅಭ್ಯಾಸ ಬೇಕು.

ಅಪ್ಪನಿಗೆ ಮನೆ ಜಾಗ ಏನಾದರೂ ಇದ್ದಿದ್ದರೆ ವಾರಸುದಾರರ ದಾಖಲೆ ನೋಡಿ. 1868ರವರೆಗೆ ಸ್ಕಾಟ್ಲೆಂಡಿನಲ್ಲಿ ಭೂಮಿಯನ್ನು ಉಯಿಲು ಬರೆದು ಕೊಡಲು ಬರುತ್ತಿರಲಿಲ್ಲ, ಹಿರಿಮಗನಿಗೇ ಹೋಗಬೇಕು. ಆ ಹಿರಿಮಗ ಮೆಲ್ಬರ್ನ್‌ನಲ್ಲಿದ್ದರೂ ಸರಿ, ಸ್ಕಾಟ್ಲೆಂಡಿನ ನ್ಯಾಯಾಲಯದ ಮುಂದೆ ತಾನೇ ವಾರಸುದಾರನೆಂದು ಸಾಬೀತು ಮಾಡಬೇಕಿತ್ತು. ಎರಡೂ ದೇಶ ಒಂದೇ ಕಾಗದದಲ್ಲಿ ಕೂಡುವುದು ಇಲ್ಲಿ. ಡಿಎನ್‌ಎ ಪರೀಕ್ಷೆ ಮಾಡಿಸಲೇ ಎಂದೂ ಕೇಳಿದ್ದೀರಿ. ಈಗಲೇ ಬೇಡ. ಕಾಗದದಲ್ಲಿ ಎರಡು ಮನೆಗಳ ನಡುವೆ ಸಿಕ್ಕಿಕೊಂಡಾಗ ಅದು ಕೆಲಸಕ್ಕೆ ಬರುತ್ತದೆ.

ಕೊನೆಯದಾಗಿ, ಅವನು ನಮ್ಮ ಕರಾವಳಿಗೇ ಬಂದಿದ್ದನೇ ಎಂಬ ನಿಮ್ಮ ಕುತೂಹಲ. ಸುಮ್ಮನೆ ಬಂದು ಹೋದವನ ಗುರುತು ಪತ್ರಿಕೆಗಳ ಬಂದರು ವರ್ತಮಾನದಲ್ಲಿ ಬಿಟ್ಟರೆ ಎಲ್ಲೂ ಇರುವುದಿಲ್ಲ. ಅವನ ಅಣ್ಣತಮ್ಮಂದಿರು ಯಾರಾದರೂ ಇಲ್ಲಿ ಮದುವೆಯಾಗಿದ್ದರೆ, ಸತ್ತಿದ್ದರೆ, ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದ ಚರ್ಚ್ ರಿಜಿಸ್ಟರುಗಳಲ್ಲಿರುತ್ತದೆ. ಬಂಗಾಳ, ಮದ್ರಾಸು, ಮುಂಬಯಿ ಎಂದು ಮೂರು ಸಾಲು. ಮಂಗಳೂರು ಮದ್ರಾಸಿನ ಸಾಲಿನಲ್ಲಿದೆ. ಕಾರವಾರ, ಹೊನ್ನಾವರದ ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ಅದಕ್ಕಿಂತ ಹಿಂದಿನದಾದರೆ ಒಂದು ಸಾಲು, ಮುಂದಿನದಾದರೆ ಇನ್ನೊಂದು. ಇದು ಗೊತ್ತಿಲ್ಲದೆ ಕಾರವಾರದ ಗೋರಿಯೊಂದನ್ನು ತಪ್ಪು ಸಾಲಿನಲ್ಲಿ ಹುಡುಕಿ ಸುಸ್ತಾದವರನ್ನು ಕಂಡಿದ್ದೇನೆ.

ಶಾಲೆಯ ಕೆಲಸಕ್ಕೆ ಇಷ್ಟೆಲ್ಲ ಬೇಕಿಲ್ಲ. ಸೊಸೆಗೆ ಹೇಳಿ ವಿಕ್ಟೋರಿಯದ ನೋಂದಣಿ ಕಚೇರಿಯಿಂದ 1858ರ ಮದುವೆ ದಾಖಲೆಯ ಚಿತ್ರ ಇಳಿಸಿಕೊಳ್ಳಿ, ಹಣ ಕಟ್ಟಿದರೆ ಆನ್‌ಲೈನಿನಲ್ಲೇ ಸಿಗುತ್ತದೆ. ಮೊಮ್ಮಗಳ ಚಿತ್ರಕ್ಕೆ ಅದರಲ್ಲಿರುವ ವರನ ಅಪ್ಪ ಅಮ್ಮನ ಎರಡು ಹೆಸರು ಸಾಕು. ಅವುಗಳಲ್ಲಿ ವರನ ತಾಯಿಯ ತವರಿನ ಹೆಸರೂ, ನಿಮ್ಮ ಪಟ್ಟಿಯ ಆ ಎರಡನೆಯ ಮಗಳ ಮಧ್ಯದ ಹೆಸರೂ ಒಂದೇ ಆಗಿದ್ದರೆ ನನಗೆ ಇನ್ನೊಂದು ಪತ್ರ ಹಾಕಿ. ಆ ಹದಿನಾಲ್ಕು ಜನರನ್ನು ಆಗ ಒಟ್ಟಿಗೆ ಕೂತು ನೋಡೋಣ.